ಆರಂದ್ರ ಆರ್

ನಾನು ಬರೆದ ಒಂದೇ ಒಂದು ಅಕ್ಷರದಿಂದ ಔರಾದಿನ ಹೆಂಗಸೊಬ್ಬಳ ಬಲಗೈ ಹೋಗುವುದರಲ್ಲಿತ್ತು. ಅದನ್ನು ಹೇಳಬೇಕೆಂದೇ ಬರೆಯಲು ಕೂತಿದ್ದೇನೆ. ಆದರೆ ಲ್ಯಾಬಿನೊಳಗೆ ಕಾಲಿಡದವರಿಗೆ ನೇರವಾಗಿ ಅದನ್ನೇ ಹೇಳಿದರೆ ತಲೆಬುಡ ತಿಳಿಯುವುದಿಲ್ಲ. ಈಗ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. "ಅಕ್ಕಾ, ನಿಮ್ಮ ಟೈಮಿನ್ಯಾಗ ಮಷೀನ್ ಇರಲಿಲ್ಲಂತಲ್ರೀ, ಹ್ಯಾಂಗ ಮಾಡ್ತಿದ್ರಿ?" ಎಂದು ಕೇಳುತ್ತಾರೆ. ಕೇಳುವ ದನಿ ಹೇಗಿರುತ್ತದೆಂದರೆ, ನಾವು ಕಲ್ಲಿಗೆ ಕಲ್ಲು ಉಜ್ಜಿ ಒಲೆ ಹೊತ್ತಿಸುತ್ತಿದ್ದವರೇನೋ ಎಂಬಂತೆ. ಕಣ್ಣಿನಿಂದ ಮಾಡುತ್ತಿದ್ದೆವು ತಾಯಿ. ಕಣ್ಣು, ಸ್ಕೇಲು, ಸ್ವಲ್ಪ ಬೈಗುಳ, ಇಷ್ಟರಲ್ಲೇ ನಡೆಯುತ್ತಿತ್ತು.

ಬೀದರಿನ ಒಂದು ಆಸ್ಪತ್ರೆಯ ಸೂಕ್ಷ್ಮಜೀವಿ ಲ್ಯಾಬಿನಲ್ಲಿ ನಾನು ಟೆಕ್ನಿಷಿಯನ್ ಆಗಿದ್ದೆ. ಆಸ್ಪತ್ರೆಯ ಹೆಸರು ಬೇಡ, ತಪ್ಪು ನನ್ನದು. ಕಮಠಾಣದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಯಾವಾಗ ಯಾವ ದರ್ಜೆಗೆ ಏರಿದೆ ಎಂಬುದೆಲ್ಲ ಸರ್ವಿಸ್ ಬುಕ್ಕಿನಲ್ಲಿದೆ, ಅಲ್ಲೇ ಇರಲಿ.

ನಮ್ಮ ಕೆಲಸ ಇಷ್ಟು. ರೋಗಿಯ ಕೀವು, ಮೂತ್ರ, ಕಫ, ರಕ್ತ ಏನೇ ಬಂದರೂ ಅದರೊಳಗಿನ ರೋಗಾಣುವನ್ನು ಬೆಳೆಸಿ ಹೆಸರು ಹಿಡಿಯುವುದು. ಆಮೇಲೆ ಆ ರೋಗಾಣುವನ್ನು ಒಂದು ತಟ್ಟೆಯ ತುಂಬ ತೆಳ್ಳಗೆ ಸವರುವುದು. ತಟ್ಟೆ ಎಂದರೆ ಮುಚ್ಚಳವಿರುವ ಅಗಲವಾದ ಗಾಜಿನ ಬಟ್ಟಲು, ಅದರಲ್ಲಿ ಗಟ್ಟಿಯಾದ ಗಂಜಿಯಂಥ ಆಹಾರ ಹುಯ್ದಿರುತ್ತದೆ. ಅದರ ಮೇಲೆ ಒಂದೊಂದು ಆ್ಯಂಟಿಬಯಾಟಿಕ್ ಹೀರಿಕೊಂಡ ಪುಟ್ಟ ಕಾಗದದ ಬಿಲ್ಲೆಗಳನ್ನು ಇಟ್ಟು, ಒಂದು ರಾತ್ರಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಬಿಡುವುದು. ಬೆಳಿಗ್ಗೆ ತೆಗೆದು ನೋಡಿದರೆ ತಟ್ಟೆಯ ತುಂಬ ರೋಗಾಣು ಬೆಳೆದಿರುತ್ತದೆ. ಮದ್ದು ಕೆಲಸ ಮಾಡಿದ ಕಡೆ ಮಾತ್ರ ಬಿಲ್ಲೆಯ ಸುತ್ತ ರೋಗಾಣು ಬೆಳೆಯದ ಉಂಗುರ ಬಿದ್ದಿರುತ್ತದೆ. ಆ ಉಂಗುರದ ಅಗಲವನ್ನು ಸ್ಕೇಲಿನಿಂದ ಮಿಲಿಮೀಟರಿನಲ್ಲಿ ಅಳೆದು, ಗೋಡೆಯ ಮೇಲಿನ ಪಟ್ಟಿಗೆ ಹೋಲಿಸಿ, ಮದ್ದು ಕೆಲಸ ಮಾಡುತ್ತದೆ ಎಂದಾದರೆ ಎಸ್, ಮಾಡುವುದಿಲ್ಲ ಎಂದಾದರೆ ಆರ್ ಎಂದು ಬರೆಯುವುದು. ಎಸ್ ಅಂದರೆ ಸೆನ್ಸಿಟಿವ್, ಆರ್ ಅಂದರೆ ರೆಸಿಸ್ಟೆಂಟ್. ಡಾಕ್ಟರು ಆ ಕಾಗದ ನೋಡಿ ಇಂಜೆಕ್ಷನ್ ಬರೆಯುತ್ತಾರೆ. ಹೇಳಲು ಎಷ್ಟು ಸುಲಭ ನೋಡಿ!

ನನಗೆ ಈ ಕೆಲಸ ಕಲಿಸಿದವರು ವಸುಂಧರಾ ಮೇಡಂ, ನಮ್ಮ ಲ್ಯಾಬಿನ ಮುಖ್ಯ ಡಾಕ್ಟರು. ಮನೆಯಲ್ಲಿ ಮರಾಠಿ, ಕೆಲಸದಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಸಣ್ಣ ಆಳು, ಬಿಳಿ ಕೋಟು ಮೊಣಕಾಲಿಗೆ ಬರುತ್ತಿತ್ತು. ಮೊದಲ ವಾರ ನಾನು ತಟ್ಟೆ ಹುಯ್ದು ಸಾಲಾಗಿ ಜೋಡಿಸಿ, ಹೊಗಳಿಕೆ ಬರುತ್ತದೆಂದು ಕಾಯುತ್ತ ನಿಂತಿದ್ದೆ. ಮೇಡಂ ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

"ಅಗಬಾಯಿ! ಸುಜಾತಾ, ಇದು ಒಂದ್ ಕಡಿ ದಪ್ಪ ಒಂದ್ ಕಡಿ ತೆಳು ಅದ. ದಪ್ಪ ಇದ್ದಲ್ಲಿ ಉಂಗುರ ಸಣ್ಣದು ಬೀಳ್ತದ, ಒಳ್ಳೆ ಮದ್ದೂ ಕೆಟ್ಟದಂತ ಬರಿತಿ. ತೆಳು ಇದ್ದಲ್ಲಿ ದೊಡ್ಡದು ಬೀಳ್ತದ, ಕೆಟ್ಟ ಮದ್ದು ಒಳ್ಳೇದಂತ ಬರಿತಿ. ಎಲ್ಲಾ ಚೆಲ್ಲು."

ಎಲ್ಲವನ್ನೂ ಚೆಲ್ಲಿದೆ. ಕಣ್ಣಲ್ಲಿ ನೀರು ಬಂತು, ಜೊತೆಗೆ ಸಿಟ್ಟೂ ಬಂತು. ನನ್ನ ಸಿಟ್ಟು ಊರಿಗೆಲ್ಲ ಗೊತ್ತು. ಸಂಜೆ ನೋಡಿದರೆ ಮೇಡಂ ನೆಲದ ಮೇಲೆ ಮಂಡಿಯೂರಿ ಕೂತು, ಮೇಜಿನ ಕಾಲಿನ ಕೆಳಗೆ ಮಡಿಸಿದ ಕಾಗದ ತುರುಕುತ್ತಿದ್ದರು. "ಮೇಜೇ ವಾರಿ ಅದ, ನಿಂದೇನೂ ತಪ್ಪಿಲ್ಲ. ನಾ ಮೊದಲೇ ನೋಡಬೇಕಿತ್ತು," ಎಂದರು. ಬೈದದ್ದು ಎಲ್ಲರೆದುರು, ತಮ್ಮ ತಪ್ಪು ಒಪ್ಪಿಕೊಂಡದ್ದೂ ಎಲ್ಲರೆದುರೇ. ಅಂಥ ಮೇಲಧಿಕಾರಿಯನ್ನು ನಾನು ಆಮೇಲೆ ಇನ್ನೊಬ್ಬರನ್ನು ಕಾಣಲಿಲ್ಲ.

ಇನ್ನೊಬ್ಬರು ಖಾದರ್ ಸಾಹೇಬರು, ನನಗಿಂತ ಹಿರಿಯ ಟೆಕ್ನಿಷಿಯನ್. ಅವರ ಮೂಗು ಮಷೀನಿಗಿಂತ ಮೇಲು. ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆರೆದ ಕೂಡಲೇ, "ಸುಜಾತಾ ಬೇಟಿ, ದ್ರಾಕ್ಷಿ ವಾಸನಿ ಬರ್ಲಾಕತ್ತದ, ಸ್ಯೂಡೊಮೊನಾಸ್ ಸಾಹೇಬ್ರು ಬಂದಾರ," ಎನ್ನುತ್ತಿದ್ದರು. ಆ ರೋಗಾಣು ತಟ್ಟೆಯನ್ನೆಲ್ಲ ಹಸಿರು ಮಾಡಿ ಸಿಹಿ ವಾಸನೆ ಬಿಡುತ್ತದೆ. ಸಾಹೇಬರು ಮೂಗಿನಿಂದ ಹೇಳಿದ್ದು ಪರೀಕ್ಷೆಯಲ್ಲಿ ಸುಳ್ಳಾದದ್ದನ್ನು ನಾನು ನೋಡಿಲ್ಲ. ಮೇಡಂ ಮಾತ್ರ, "ಮೂಗು ನಿಮ್ಮದು, ರಿಪೋರ್ಟ್ ಪರೀಕ್ಷಾದ್ದು," ಎಂದು ಪೂರ್ತಿ ಪರೀಕ್ಷೆ ಮಾಡಿಸಿಯೇ ಸಹಿ ಹಾಕುತ್ತಿದ್ದರು.

ಔರಾದಿನಿಂದ ನಮಗೆ ಮೂತ್ರದ ಬಾಟಲಿಗಳು ಬಸ್ಸಿನಲ್ಲಿ ಬರುತ್ತಿದ್ದವು. ಅಲ್ಲಿ ರೈಲಿಲ್ಲ, ಏನು ಬಂದರೂ ಬಸ್ಸೇ. ಒಂದು ಬೇಸಿಗೆಯಲ್ಲಿ ಬಂದ ಬಾಟಲಿಗಳಲ್ಲೆಲ್ಲ ರೋಗಾಣು ತುಂಬಿ ತುಳುಕುತ್ತಿತ್ತು. ನಾನು ಉತ್ಸಾಹದಿಂದ ಒಂದೊಂದಕ್ಕೂ ಬಿಲ್ಲೆ ಇಟ್ಟು ರಿಪೋರ್ಟು ತಯಾರಿಸಿದೆ. ಔರಾದಿನ ಡಾಕ್ಟರು ಫೋನ್ ಮಾಡಿ, "ಏನ್ರೀ ಇದು, ನಮ್ಮೂರಾಗ ಒಬ್ಬರದೂ ಉಚ್ಚಿ ಬರೋಬ್ಬರಿ ಇಲ್ಲೇನು? ನನ್ನ ಹೆಂಡ್ತಿದೂ ಕಳಿಸಿದ್ದೆ, ಆಕಿ ಗುಂಡಕಲ್ಲಿನಂಗ ಆರಾಮ ಅದಾಳ," ಎಂದು ನಕ್ಕರು. ಮೇಡಂ ನಗಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ನನ್ನನ್ನೂ ಎಳೆದುಕೊಂಡು ಔರಾದಿಗೆ ಹೊರಟರು.

ಅಲ್ಲಿ ತಿಳಿದ ಸಂಗತಿ ಇದು. ಸಿಸ್ಟರ್ ಬೆಳಿಗ್ಗೆ ಬಾಟಲಿ ಕೊಡುತ್ತಿದ್ದರು, ಕಂಡಕ್ಟರ್ ಅದನ್ನು ಜೋಪಾನ ಮಾಡಬೇಕೆಂದು ಡ್ರೈವರ್ ಪಕ್ಕದ ಇಂಜಿನ್ ಮೇಲೆ ಇಡುತ್ತಿದ್ದ. ಅಲ್ಲಿ ಬಿಸಿಗೆ ಒಂದು ರೋಗಾಣು ಲಕ್ಷವಾಗಿ ಬೀದರ ಮುಟ್ಟುತ್ತಿತ್ತು. ಆರಾಮಿದ್ದವರಿಗೂ ನಾನು ರೋಗ ಬರೆದು ಕಳಿಸುತ್ತಿದ್ದೆ! ಮೇಡಂ ಯಾರನ್ನೂ ಬೈಯಲಿಲ್ಲ. ತಮ್ಮ ಮನೆಯ ಚಹಾದ ಥರ್ಮಾಸನ್ನು ಸಿಸ್ಟರ್ ಕೈಗೆ ಕೊಟ್ಟು, ಐಸು ತುಂಬಿ ಅದರೊಳಗೆ ಬಾಟಲಿ ಇಡುವುದನ್ನು ತೋರಿಸಿ ಬಂದರು. ಕಂಡಕ್ಟರ್ ಆಮೇಲೆ ಅದನ್ನು ತನ್ನ ಸೀಟಿನ ಮೇಲೆಯೇ ಇಟ್ಟುಕೊಂಡು ಬರುತ್ತಿದ್ದ. ಒಮ್ಮೆ ಪ್ರಯಾಣಿಕನೊಬ್ಬ, "ಒಂದ್ ಗುಟುಕು ಚಹಾ ನಮಗೂ ಹಾಕ್ರಿ," ಎಂದನಂತೆ. ಕಂಡಕ್ಟರ್, "ಹಾಕ್ತಿನಿ, ಆದ್ರ ಯಾರದಂತ ಕೇಳಬ್ಯಾಡ," ಎಂದನಂತೆ. ಆ ಥರ್ಮಾಸು ಮಾತ್ರ ಮೇಡಂ ಮನೆಗೆ ವಾಪಸ್ ಹೋಗಲಿಲ್ಲ, ಹೋಗುವ ಹಾಗೂ ಇರಲಿಲ್ಲ ಬಿಡಿ.

ನಮ್ಮ ರಿಪೋರ್ಟಿನ ಶಬ್ದಗಳೂ ಒಮ್ಮೆ ಫಜೀತಿ ಮಾಡಿದವು. ಭಾಲ್ಕಿಯ ಮಾಸ್ತರರೊಬ್ಬರು ತಂದೆಯನ್ನು ಸೇರಿಸಿದ್ದರು. ಬಂದ ರಿಪೋರ್ಟಿನಲ್ಲಿ ಒಂದು ಇಂಜೆಕ್ಷನ್ ಎದುರು ಸೆನ್ಸಿಟಿವ್ ಎಂದಿತ್ತು. ಅದೊಂದೇ ನಾಟುವ ಮದ್ದು. ಸಿಸ್ಟರ್ ಸೂಜಿ ಹಿಡಿದು ಬಂದರೆ ಮಾಸ್ತರರು ಅಡ್ಡ ನಿಂತರು.

"ನಮ್ಮಪ್ಪಗ ಇದು ಸೆನ್ಸಿಟಿವ್ ಅಂತ ನೀವೇ ಬರ್ದೀರಿ, ಮತ್ತ ಅದನ್ನೇ ಚುಚ್ಚಲಾಕ ಬಂದೀರಿ? ಮೈಗಿ ಆಗಿ ಬರಲ್ಲ ಅಂದಮ್ಯಾಲ ಯಾಕ ಕೊಡ್ತೀರಿ?"

ಅವರು ಓದಿದವರು, ಅವರಿಗೆ ತಿಳಿದಿದ್ದ ಅರ್ಥ ಬೇರೆ, ನಾವು ಬರೆದ ಅರ್ಥ ಬೇರೆ. ಸೆನ್ಸಿಟಿವ್ ಆಗಿರುವುದು ರೋಗಾಣು, ರೋಗಿಯಲ್ಲ ಎಂದು ತಿಳಿಸುವಷ್ಟರಲ್ಲಿ ಸಾಕುಸಾಕಾಯಿತು. ಕೆಳಗೊಂದು ಕನ್ನಡ ಸಾಲು ಹಾಕೋಣ ಎಂದು ಲ್ಯಾಬಿನಲ್ಲಿ ಚರ್ಚೆಯಾಯಿತು. ಖಾದರ್ ಸಾಹೇಬರು, "ಸೀದಾ ಬರಿರಿ, ಕೊಲ್ತದ, ಕೊಲ್ಲಲ್ಲ," ಎಂದರು. ಮೇಡಂ ಹಣೆ ಹಣೆ ಬಡಿದುಕೊಂಡು ನಕ್ಕರು. "ಇಂಜೆಕ್ಷನ್ ಎದುರಿಗಿ ಕೊಲ್ತದ ಅಂತ ಬರ್ದರ ಪೇಷಂಟ್ ಸಲಾಯಿನ್ ಬಾಟ್ಲಿ ಹಿಡ್ಕೊಂಡೇ ಭಾಲ್ಕಿ ಮುಟ್ತಾನ್ರೀ ಸಾಹೇಬ್ರೆ." ಕೊನೆಗೆ ನಾಟುತ್ತದೆ, ನಾಟುವುದಿಲ್ಲ ಎಂದು ಬರೆದೆವು. ಅದು ಎಲ್ಲರಿಗೂ ತಿಳಿಯಿತು.

ಆ ನಾಟುತ್ತದೆ ಎಂಬುದು ವರ್ಷವರ್ಷಕ್ಕೆ ಕಡಿಮೆಯಾಗುತ್ತ ಬಂದದ್ದನ್ನು ನಾನು ನನ್ನ ಕಣ್ಣಿನಿಂದ ನೋಡಿದ್ದೇನೆ. ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಸ್ಟ್ಯಾಫ್, ಸ್ಯೂಡೊಮೊನಾಸ್, ಈ ನಾಲ್ಕು ನಮ್ಮ ಕಾಯಂ ಗಿರಾಕಿಗಳು. ನಾನು ಸೇರಿದ ಹೊಸತರಲ್ಲಿ ಸಾದಾ ಮದ್ದಿನ ಬಿಲ್ಲೆಯ ಸುತ್ತಲೂ ಅಗಲವಾದ ಉಂಗುರ ಬೀಳುತ್ತಿತ್ತು. ಬರುಬರುತ್ತ ಉಂಗುರಗಳು ಕುಗ್ಗಿದವು. ಆಮೇಲೆ ಹಲವು ಬಿಲ್ಲೆಗಳ ಸುತ್ತ ಉಂಗುರವೇ ಇಲ್ಲ, ರೋಗಾಣು ಬಿಲ್ಲೆಯ ಅಂಚಿಗೇ ಬಂದು ಒತ್ತಿ ನಿಂತಿರುತ್ತಿತ್ತು. ಜ್ವರ ಬಂದರೆ ಅಂಗಡಿಯಲ್ಲಿ ಎರಡು ಗುಳಿಗೆ ಕೇಳಿ ನುಂಗುವುದು, ಮೈ ಹಗುರಾದ ಕೂಡಲೇ ಉಳಿದದ್ದನ್ನು ಮುಂದಿನ ಜ್ವರಕ್ಕೆಂದು ಗೂಡಿನಲ್ಲಿ ಎತ್ತಿಡುವುದು. ನಮ್ಮ ಮನೆಯಲ್ಲೂ ಇದೇ ನಡೆದಿತ್ತು, ಸುಳ್ಳು ಯಾಕೆ ಹೇಳಲಿ. ಅರ್ಧ ಪೆಟ್ಟು ತಿಂದ ರೋಗಾಣು ಸಾಯುವುದಿಲ್ಲ, ಪೆಟ್ಟು ತಿನ್ನುವುದನ್ನು ಕಲಿಯುತ್ತದೆ. ಅದರ ಮೇಲೆ ನನಗೆ ಸಿಟ್ಟೂ ಇತ್ತು, ಒಳಗೊಳಗೆ ಭಲೇ ಅನ್ನಿಸುತ್ತಲೂ ಇತ್ತು. ಕಣ್ಣಿಗೆ ಕಾಣದ ಜೀವ, ಎಷ್ಟು ಹುಷಾರು!

ಈಗ ನನ್ನ ಜಾಣತನದ ವಿಷಯಕ್ಕೆ ಬರುತ್ತೇನೆ.

ಅಳೆಯುವ ಕೆಲಸ ಇಬ್ಬರದು. ಖಾದರ್ ಸಾಹೇಬರು ತಟ್ಟೆ ಮಗುಚಿ ಕಪ್ಪು ಬಟ್ಟೆಯ ಮೇಲಿಟ್ಟು, ಸ್ಕೇಲ್ ಹಿಡಿದು ಅಂಕಿ ಕೂಗುವುದು, ನಾನು ರಿಜಿಸ್ಟರಿನಲ್ಲಿ ಬರೆಯುವುದು. ಬಿಲ್ಲೆಯ ಅಗಲವೇ ಆರು ಮಿಲಿಮೀಟರ್. ಹಾಗಾಗಿ ಉಂಗುರ ಬೀಳದಿದ್ದರೆ ಬಿಲ್ಲೆಯನ್ನೇ ಅಳೆದು ಆರು ಎಂದು ಬರೆಯಬೇಕು. ಆರು ಬಂದರೆ ಪಟ್ಟಿ ನೋಡುವ ಅಗತ್ಯವಿಲ್ಲ, ಅದು ಆರ್ ಎಂದೇ ಲೆಕ್ಕ. ನಮ್ಮ ಕಡೆ ಆರು ಎಂದು ಪೂರ್ತಿ ಯಾರು ಅನ್ನುತ್ತಾರೆ? ಕೊನೆಯ ಉಕಾರ ನುಂಗಿ ಆರ್ ಅನ್ನುತ್ತೇವೆ. ಅಂಕಿಯೂ ಆರ್, ಅಕ್ಷರವೂ ಆರ್! ಇದನ್ನು ಕಂಡುಹಿಡಿದವಳು ನಾನೇ. ಹೊಸಬರಿಗೆಲ್ಲ, "ಆರಂದ್ರ ಆರ್, ನೆಪ್ಪಿಟ್ಕೊಳ್ರಿ," ಎಂದು ಪಾಠ ಮಾಡುತ್ತಿದ್ದೆ. ಮೊದಲು ಅಂಕಿ ಬರೆದು, ಪಟ್ಟಿ ನೋಡಿ, ಆಮೇಲೆ ಅಕ್ಷರ ಬರೆಯಬೇಕು ಎಂಬುದು ಮೇಡಂ ಹಾಕಿದ ನಿಯಮ. ಆರುಗಳೇ ಹೆಚ್ಚಾದ ಮೇಲೆ ನಾನು ಅಂಕಿ ಬರೆಯುವುದನ್ನೇ ಬಿಟ್ಟೆ. ಸಾಹೇಬರು ಆರ್ ಎಂದರೆ ನನ್ನ ಪೆನ್ನು ನೇರ ಆರ್ ಬರೆಯುತ್ತಿತ್ತು. ಕೆಲಸ ಎಷ್ಟು ಜಲ್ದಿ ಆಗುತ್ತದೆ ನೋಡಿ ಎಂದು ಮೆರೆದೆ.

ಕಲಾವತಿಬಾಯಿ ಔರಾದಿನವಳು. ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವುದು ಅವಳ ಉದ್ಯೋಗ. ಗಂಡ ತೀರಿಹೋಗಿದ್ದ, ಮಗಳನ್ನು ಬೀದರಿನಲ್ಲಿ ಕಾಲೇಜು ಓದಿಸುತ್ತಿದ್ದಳು. ಹಂಚು ತಾಗಿ ಬಲಗೈ ಸುಟ್ಟಿತ್ತು. ಸಕ್ಕರೆ ಕಾಯಿಲೆಯೂ ಇತ್ತು. ಅಲ್ಲಿ ಇಲ್ಲಿ ಮುಲಾಮು, ಗುಳಿಗೆ ಎಂದು ದಿನ ಕಳೆದು, ನಮ್ಮ ವಾರ್ಡಿಗೆ ಬರುವ ಹೊತ್ತಿಗೆ ಕೈ ಬಾತು, ಪಟ್ಟಿ ಬಿಚ್ಚಿದರೆ ಹಸಿರು ಕೀವು ಇಳಿಯುತ್ತಿತ್ತು. ಕಿರುಬೆರಳು ಕಪ್ಪಗಾಗಿತ್ತು. ಕೀವು ತೆಗೆಯಲು ಹೋದವಳು ನಾನೇ. ನೋವಿಗೆ ಹಲ್ಲು ಕಚ್ಚಿಕೊಂಡೇ ಅವಳು ನನ್ನನ್ನು ಕೇಳಿದಳು.

"ಯಾವೂರವ್ವಾ ನಿಂದು?"

"ಕಮಠಾಣ ಅದ."

"ಛಲೋ ಜೋಳ ಬೆಳಿತದ ನಿಮ್ಮ ಕಡಿ. ಈ ಕೈ ಆರಾಮಾಗ್ತದಲ್ಲಾ?"

"ಆಗ್ತದ್ರಿ, ಯಾವ ಮದ್ದು ನಾಟ್ತದ ನೋಡ್ತೀವಿ, ಅದನ್ನೇ ಕೊಡ್ತಾರ," ಎಂದೆ.

ಖಾದರ್ ಸಾಹೇಬರ ಮೂಗು ಹೇಳಿದ್ದೇ ಆಯಿತು, ಸ್ಯೂಡೊಮೊನಾಸ್. ಬಿಲ್ಲೆ ಇಟ್ಟೆವು. ಮರುದಿನ ಮಧ್ಯಾಹ್ನ ಅಳೆಯಲು ಕೂತಾಗ ಹಿಂದೆ ಆಟೊಕ್ಲೇವ್, ಅಂದರೆ ಸಾಮಾನುಗಳನ್ನು ಹಬೆಯಲ್ಲಿ ಬೇಯಿಸುವ ದೊಡ್ಡ ಕುಕ್ಕರು, ಬುಸುಗುಡುತ್ತಿತ್ತು. ಊಟದ ಡಬ್ಬಿ ಬಿಚ್ಚುವ ಹೊತ್ತು, ಹೊಟ್ಟೆ ಹಸಿದಿತ್ತು. ಸಾಹೇಬರು ಕೂಗುತ್ತ ಹೋದರು. ಆರ್. ಆರ್. ಆರ್. ಆರ್. ನಾನೂ ಬರೆಯುತ್ತ ಹೋದೆ. ಕೊನೆಯದು ಅಮಿಕಾಸಿನ್ ಎಂಬ ಇಂಜೆಕ್ಷನ್. ಸಾಹೇಬರು ಏನೋ ಅಂದರು, ಕೊನೆಗೆ ಆರ್ ಎಂದು ಕೇಳಿತು. ಆರ್ ಬರೆದೆ. ಆ ದಿನ ಮೇಡಂ ಮುಂದೆ ಸಹಿಗೆ ಕಟ್ಟು ಕಾಗದ ಬಿದ್ದಿತ್ತು. ರಿಪೋರ್ಟಿಗೆ ಅವರು ಸಹಿ ಹಾಕಿದರು, ನಾನು ವಾರ್ಡಿಗೆ ಮುಟ್ಟಿಸಿದೆ. ಒಂದು ಮದ್ದೂ ನಾಟುವುದಿಲ್ಲ ಎಂದು ಅದರಲ್ಲಿತ್ತು. ಪಾಪ ಬಾಯಿ ಎಂದುಕೊಂಡು ಬಸ್ಸು ಹತ್ತಿದೆ.

ಮಾರನೆಯ ಬೆಳಿಗ್ಗೆ ಲ್ಯಾಬಿನಲ್ಲಿ ಚಹಾ ಕುಡಿಯುತ್ತಿದ್ದೆವು. ನಾನು ಆಗಷ್ಟೇ ವಾರ್ಡಿನಿಂದ ಬಂದಿದ್ದೆ. ಅಲ್ಲಿ ಕಲಾವತಿಬಾಯಿಯ ಮಗಳು ಬಾಗಿಲ ಹೊರಗೆ ಕೂತು ಅಳುತ್ತಿದ್ದಳು. ಸಿಸ್ಟರ್ ಹೇಳಿದ್ದನ್ನೇ ಸಾಹೇಬರಿಗೆ ಹೇಳಿದೆ. ವಿಷ ಮೇಲೇರುತ್ತಿದೆ, ಜೀವ ಉಳಿಯಬೇಕಾದರೆ ಕೈಯನ್ನು ಮಣಿಕಟ್ಟಿನ ಮೇಲೆ ಕತ್ತರಿಸಬೇಕು, ಹತ್ತು ಗಂಟೆಗೆ ಆಪರೇಷನ್.

ಸಾಹೇಬರು ಚಹಾದ ಬಸಿ ಕೆಳಗಿಟ್ಟರು. "ಕತ್ತರಸೋದು ಯಾಕ? ಅಮಿಕಾಸಿನ್ ಹಚ್ಚಿಲ್ಲೇನು?"

"ಅದೂ ಆರೇ ಅದಲ್ರೀ."

"ಯಾರಂದ್ರು ಆರ್ ಅಂತ? ನಾ ಇಪ್ಪತ್ತಾರ್ ಅಂದೆ."

ಚಹಾ ಎಲ್ಲಿಟ್ಟೆನೋ ನೆನಪಿಲ್ಲ. ಮೇಡಂ ಹಾಕಿದ ಇನ್ನೊಂದು ನಿಯಮವಿತ್ತು. ರೋಗಿ ಮನೆಗೆ ಹೋಗುವ ತನಕ ಅವರ ತಟ್ಟೆಯನ್ನು ಎಸೆಯಬಾರದು, ಫ್ರಿಜ್ಜಿನಲ್ಲಿ ಇಡಬೇಕು. ಜಾಗ ಸಾಲುವುದಿಲ್ಲ ಎಂದು ಆ ನಿಯಮಕ್ಕೆ ಎಲ್ಲರಿಗಿಂತ ಹೆಚ್ಚು ಗೊಣಗಿದವಳು ನಾನು. ಫ್ರಿಜ್ಜು ತೆರೆದು ತಟ್ಟೆ ಹುಡುಕಿ ಮಗುಚಿದೆ. ನಾಲ್ಕು ಬಿಲ್ಲೆಗಳಿಗೆ ಹಸಿರು ಒತ್ತಿ ನಿಂತಿತ್ತು. ಐದನೆಯದರ ಸುತ್ತ ದುಂಡಗೆ, ಅಗಲವಾಗಿ, ಶುಭ್ರವಾದ ಉಂಗುರ. ಸ್ಕೇಲ್ ಇಟ್ಟೆ. ಇಪ್ಪತ್ತಾರು. ಕುರುಡರಿಗೂ ಕಾಣುವಂಥ ಉಂಗುರ ಅದು!

ತಟ್ಟೆ ಹಿಡಿದು ಮೇಡಂ ಕೋಣೆಗೆ ಓಡಿದೆ. ರಿಜಿಸ್ಟರನ್ನೂ ತಟ್ಟೆಯನ್ನೂ ಮೇಜಿನ ಮೇಲಿಟ್ಟೆ. ಮೇಡಂ ಎರಡನ್ನೂ ನೋಡಿದರು. ಗಡಿಯಾರ ನೋಡಿದರು. ಹತ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. "ನಡಿ," ಎಂದಷ್ಟೇ ಅಂದರು. ಮಂಡಿ ನೋವಿನ ಹೆಂಗಸು, ಮೆಟ್ಟಿಲು ಹತ್ತುವಾಗ ನನಗಿಂತ ಮುಂದಿದ್ದರು.

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಕಲಾವತಿಬಾಯಿ ಗಾಲಿ ಮಂಚದ ಮೇಲಿದ್ದಳು. ಸರ್ಜನ್ ಸಾಹೇಬರು ಕೈ ತೊಳೆಯಲು ಹೊರಟಿದ್ದರು. ಅವರೆಂದರೆ ಆಸ್ಪತ್ರೆಗೇ ಹೆದರಿಕೆ.

"ಕೈ ತೆಗಿಬ್ಯಾಡ್ರಿ ಸರ್. ಅಮಿಕಾಸಿನ್ ನಾಟ್ತದ. ನಮ್ಮ ರಿಪೋರ್ಟ್ ತಪ್ಪು," ಎಂದರು ಮೇಡಂ.

"ನಿನ್ನಿ ಆರ್, ಇವತ್ತು ಎಸ್? ನಿಮ್ಮ ಲ್ಯಾಬಿನ್ಯಾಗ ಒಂದೇ ದಿನದಾಗ ಮಂತ್ರ ಹಾಕ್ತಾರೇನ್ರಿ?" ಸರ್ಜನ್ ಸಾಹೇಬರ ದನಿ ಕಾರಿಡಾರ್ ತುಂಬ ಕೇಳಿತು. "ಯಾರು ಬರ್ದದ್ದು?"

ನಾನು ಬಾಯಿ ತೆರೆಯುವ ಮೊದಲೇ ಮೇಡಂ ಅಂದರು, "ಸಹಿ ನಂದದ. ತಟ್ಟಿ ನೋಡದೇ ಸಹಿ ಮಾಡೀನಿ. ನನಗ ಆಮ್ಯಾಲ ಏನ್ ಬೇಕಾದ್ದು ಅನ್ರಿ, ಈಗ ಇದನ್ನ ನೋಡ್ರಿ."

ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಸರ್ಜನ್ ಸಾಹೇಬರು ನೋಡಿದರು, ಸ್ಕೇಲ್ ಕೇಳಿದರು, ತಾವೇ ಅಳೆದರು. ಸಿಟ್ಟು ಇಳಿಯಲಿಲ್ಲ, ಆದರೆ ನಿರ್ಧಾರ ಬದಲಿಸಿದರು. ಆ ಮಾತಿಗೆ ನಾನು ಅವರನ್ನೂ ನೆನೆಯುತ್ತೇನೆ, ಹಟಕ್ಕೆ ಬೀಳುವವರಾಗಿದ್ದರೆ ಕೈ ಅಂದೇ ಹೋಗುತ್ತಿತ್ತು. "ಸತ್ತ ಮಾಂಸ ತೆಗಿತಿನಿ, ಕಿರುಬೆರಳು ಉಳಿಯಲ್ಲ. ಉಳಿದ ಕೈಗಿ ಎರಡು ದಿನ ಟೈಮ್. ಜ್ವರ ಇಳಿಲಿಲ್ಲಂದ್ರ ಕೈ ತೆಗಿತಿನಿ. ಆಗ ಮತ್ತ ತಟ್ಟಿ ಹಿಡ್ಕೊಂಡು ಬರಬ್ಯಾಡ್ರಿ," ಎಂದು ಒಳಗೆ ಹೋದರು.

ಆ ಎರಡು ದಿನ ನಾನು ತಿಂದದ್ದು ಉಂಡದ್ದು ಗೊತ್ತಿಲ್ಲ. ಆ ಇಂಜೆಕ್ಷನ್ ಮೂತ್ರಪಿಂಡಕ್ಕೆ ತೊಂದರೆ ಮಾಡಬಹುದಾದ್ದರಿಂದ ದಿನಾ ರಕ್ತ ತೆಗೆದು ನೋಡಬೇಕಿತ್ತು. ಆ ಕೆಲಸ ಬೇರೆಯವರದು, ನಾನೇ ಕೇಳಿ ತೆಗೆದುಕೊಂಡೆ. ಮೊದಲ ದಿನ ಜ್ವರ ಹಾಗೆಯೇ ಇತ್ತು. ಎರಡನೆಯ ದಿನ ಬೆಳಿಗ್ಗೆಯೂ ಇತ್ತು. ಮಗಳು ನನ್ನನ್ನು ಕಂಡಾಗಲೆಲ್ಲ ಎದ್ದು ನಿಂತು, "ಆಂಟಿ, ಕಡಿಮಿ ಆಯ್ತೇನ್ರಿ?" ಎಂದು ಕೇಳುತ್ತಿದ್ದಳು. ನನಗೆ ಅವಳ ಮುಖ ನೋಡಲಾಗುತ್ತಿರಲಿಲ್ಲ. ಎರಡನೆಯ ದಿನ ಸಂಜೆ ಸಿಸ್ಟರ್ ಥರ್ಮಾಮೀಟರನ್ನು ಎರಡೆರಡು ಸಲ ಇಟ್ಟು ನೋಡಿ, ಜ್ವರ ಇಳಿದಿದೆ ಎಂದರು. ಮರುದಿನ ಪಟ್ಟಿ ಬಿಚ್ಚಿದಾಗ ಹಸಿರು ಕಡಿಮೆಯಾಗಿತ್ತು. ಸರ್ಜನ್ ಸಾಹೇಬರು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹೂಂ," ಎಂದರು. ಅವರ ಬಾಯಿಂದ ಅದೇ ದೊಡ್ಡ ಹೊಗಳಿಕೆ. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಲ್ಯಾಬಿನಲ್ಲಿ ಮೇಡಂ ನನ್ನನ್ನು ಬೈಯಲಿಲ್ಲ. ರಿಜಿಸ್ಟರಿನ ಆ ಸಾಲಿನ ಪಕ್ಕ ಕೆಂಪು ಮಸಿಯಲ್ಲಿ ತಮ್ಮ ತಪ್ಪನ್ನು ಬರೆದು ಸಹಿ ಹಾಕಿದರು. ಪೆನ್ನು ನನ್ನ ಕಡೆ ಚಾಚಿದರು. ನಾನೂ ಬರೆದೆ. ಖಾದರ್ ಸಾಹೇಬರು ತಾವಾಗಿಯೇ ಬಂದು, "ಬರೆಯೋದು ನಾ ನೋಡಬೇಕಿತ್ತು," ಎಂದು ಉರ್ದುವಿನಲ್ಲಿ ಬರೆದರು. ಅಂದಿನಿಂದ ನಮ್ಮ ಲ್ಯಾಬಿನಲ್ಲಿ ಆರು ಎಂಬ ಶಬ್ದವೇ ಬಂದ್. ಉಂಗುರ ಬೀಳದಿದ್ದರೆ ಖಾಲಿ ಎನ್ನಬೇಕು. ಇಪ್ಪತ್ತಾರು ಎನ್ನಬೇಕಾದರೆ ಎರಡು, ಆರು ಎಂದು ಬಿಡಿಸಿ ಹೇಳಬೇಕು, ಬರೆಯುವವರು ಅದನ್ನೇ ತಿರುಗಿ ಕೂಗಬೇಕು. ಈಗ ಮಷೀನ್ ಬಂದಿದೆ, ತಾನೇ ಓದುತ್ತದೆ, ತಾನೇ ಬರೆಯುತ್ತದೆ, ಒಳ್ಳೆಯದೇ. ಆದರೂ ಕರೆಂಟು ಹೋದ ದಿನ ಆ ಹುಡುಗಿಯರು ತಟ್ಟೆ ಮಗುಚಿ ಕೂತಾಗ ಖಾಲಿ, ಖಾಲಿ ಎಂದೇ ಕೂಗುತ್ತಾರೆ. ಯಾಕೆ ಎಂದು ಅವರಿಗೆ ಗೊತ್ತಿಲ್ಲ.

ಒಂದು ಪ್ರಶ್ನೆ ನನ್ನೊಳಗೆ ಉಳಿದಿತ್ತು. ಧೈರ್ಯ ಮಾಡಿ ಸರ್ಜನ್ ಸಾಹೇಬರನ್ನು ಕೇಳಿದೆ. "ಸರ್, ಒಂದು ದಿನ ಮೊದಲು ಇಂಜೆಕ್ಷನ್ ಹಚ್ಚಿದ್ದರ ಕಿರುಬೆರಳು ಉಳಿತಿತ್ತೇನ್ರಿ?" ಅವರು, "ಗೊತ್ತಿಲ್ಲಮ್ಮ," ಎಂದರು. ಮೊದಲ ಸಲ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಕಲಾವತಿಬಾಯಿಗೆ ಇದನ್ನೆಲ್ಲ ಹೇಳಬೇಕೇ ಎಂದು ಮೇಡಂ ಅವರನ್ನು ಕೇಳಿದೆ. "ಆಪರೇಷನ್ ಯಾಕ ನಿಲ್ಲಿಸಿದ್ವಿ ಅಂತ ಆಕಿಗಿ ನಾ ಅವತ್ತೇ ಹೇಳೀನಿ. ಲ್ಯಾಬಿನ ತಪ್ಪಂತ ಹೇಳೀನಿ, ಯಾರದಂತ ಹೇಳಿಲ್ಲ. ಅದು ನಿಂದು, ನೀ ಹೇಳಬೇಕು," ಎಂದರು. ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ದಿನ ತಳ್ಳಿದೆ. ರಕ್ತ ತೆಗೆಯುವಾಗ ಅವಳು ಜೋಳದ ವಿಷಯ, ಹಿಟ್ಟು ನಾದುವ ವಿಷಯ, ಮಗಳ ಪರೀಕ್ಷೆಯ ವಿಷಯ ಹೇಳುತ್ತಿದ್ದಳು. ನಾನು ಹೂಂಗುಟ್ಟಿ ಬರುತ್ತಿದ್ದೆ. ನನ್ನಂಥ ಬಾಯಿಬಡುಕಿಗೆ ಒಂದು ಮಾತು ಅಷ್ಟು ಭಾರವಾದದ್ದು ಅದೇ ಮೊದಲು.

ಅವಳು ಮನೆಗೆ ಹೊರಟ ದಿನ ಬಂತು. ಮಗಳು ಚೀಲ ಕಟ್ಟುತ್ತಿದ್ದಳು, ಔರಾದಿನ ಬಸ್ಸಿಗೆ ಹೊತ್ತಾಗಿತ್ತು. ಕಲಾವತಿಬಾಯಿ ಮಂಚದ ಅಂಚಿನಲ್ಲಿ ಕೂತು, ಉಳಿದ ನಾಲ್ಕು ಬೆರಳುಗಳನ್ನು ಮಡಿಚಿ ಬಿಚ್ಚಿ ಮಾಡುತ್ತಿದ್ದಳು. ಹೊಸ ಚರ್ಮ ತೆಳ್ಳಗೆ, ಗುಲಾಬಿ ಬಣ್ಣಕ್ಕಿತ್ತು. ಈಗ ಬಿಟ್ಟರೆ ಇನ್ನೆಂದೂ ಇಲ್ಲ ಎಂದು ಹತ್ತಿರ ಹೋಗಿ ನಿಂತೆ. ಒಂದೇ ಉಸಿರಿಗೆ ಹೇಳಿದೆ.

"ಬಾಯಿ, ಆ ತಪ್ಪು ಬರ್ದಾಕಿ ನಾನೇ. ಅವರು ಇಪ್ಪತ್ತಾರ್ ಅಂದ್ರು, ನನಗ ಆರ್ ಅಂತ ಕೇಳ್ತು. ಮದ್ದು ಒಂದು ದಿನ ತಡಾ ಆಯ್ತು. ನಿಮ್ಮ ಬೆರಳು ಅದರಿಂದೇ ಹೋಯ್ತೋ ಏನೋ, ಡಾಕ್ಟರಿಗೂ ಗೊತ್ತಿಲ್ಲ. ನನ್ನಿಂದ ತಪ್ಪಾಗ್ಯದ್ರಿ."

ಮಗಳು ಚೀಲ ಬಿಟ್ಟು ನನ್ನನ್ನೇ ನೋಡಿದಳು. ಕಲಾವತಿಬಾಯಿ ಬೆರಳು ಆಡಿಸುವುದನ್ನು ನಿಲ್ಲಿಸಿದಳು. ಬೈಯುತ್ತಾಳೆ, ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ. ಅವಳು ಆ ಕೈಯಿಂದಲೇ ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದಳು. ನಾಲ್ಕು ಬೆರಳು ನನ್ನ ಕೆನ್ನೆಗೆ ಬೆಚ್ಚಗೆ ತಾಗಿದವು.

"ರೊಟ್ಟಿ ಬಡಿಲಾಕ ಕಿರುಬೆರಳ ಬೇಕಾಗಲ್ಲವ್ವಾ," ಎಂದಳು. "ಬರಿಯೋರಿಗಿ ಮಾತ್ರ ಕಿವಿ ಬೇಕು."